ಕವಿ ಮತ ಕೇಳಿದ ವರ್ಷ

ಹೊಸಹಳ್ಳಿಯೆಂಬ ಹೆಸರಿನ ಊರುಗಳು ಕನ್ನಡ ನಾಡಿನಲ್ಲಿ ಎಷ್ಟಿವೆಯೋ, ಎಣಿಸಿದವರಿಲ್ಲ. ನಾನು ಹುಟ್ಟಿ ಬೆಳೆದ ಹೊಸಹಳ್ಳಿ ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲಿ, ಮಾಗಡಿ ರಸ್ತೆಯ ಮಗ್ಗುಲಿಗಿದ್ದ ಒಂದು ಹಳ್ಳಿ. ಈಗ ಅದು ವಿಜಯನಗರದ ಬಡಾವಣೆಗಳ ನಡುವೆ ಕರಗಿಹೋಗಿದೆ. ಮೆಟ್ರೊ ರೈಲಿನ ನಿಲ್ದಾಣವೊಂದರ ಹೆಸರಿನ ಕೊನೆಗೆ ಅಂಟಿಕೊಂಡು ತಾನಿನ್ನೂ ಇದ್ದೇನೆಂದು ಹೇಳಿಕೊಳ್ಳುತ್ತಿದೆ. ನಿವೃತ್ತನಾದ ಮೇಲೆ ಸಂಜೆಯ ಹೊತ್ತು ನೆರೆಯ ಕೆಲವು ವಿದ್ಯಾರ್ಥಿಗಳಿಗೆ ಕನ್ನಡ ಹೇಳಿಕೊಡುವುದು ನನ್ನ ವಾಡಿಕೆ. 2024ರ ಲೋಕಸಭಾ ಚುನಾವಣೆಯ ದಿನಗಳಲ್ಲಿ, ಹೊರಗೆ ಪ್ರಚಾರದ ವಾಹನವೊಂದು ಗಂಟಲು ಹರಿದುಕೊಂಡು ಹಾದುಹೋದಾಗ, ಆ ವಿದ್ಯಾರ್ಥಿಗಳಲ್ಲೊಬ್ಬಳು ಪಾಠವನ್ನು ತಡೆದು ಒಂದು ಪ್ರಶ್ನೆ ಕೇಳಿದಳು. ಕವಿಯಾದವನು ಚುನಾವಣೆಗೆ ನಿಲ್ಲಬಹುದೇ, ನಿಂತವರು ಯಾರಾದರೂ ಇದ್ದಾರೆಯೇ ಎಂಬುದು ಅವಳ ಪ್ರಶ್ನೆ.

ಆ ಹೊತ್ತಿನಲ್ಲಿ ನಮ್ಮ ಮುಂದೆ ತೆರೆದಿದ್ದುದು ಗೋಪಾಲಕೃಷ್ಣ ಅಡಿಗರ ಪದ್ಯ. ಇದೇ ಬೆಂಗಳೂರಿನಲ್ಲಿ, 1971ರಲ್ಲಿ, ಆ ಪದ್ಯವನ್ನು ಬರೆದವರೇ ಲೋಕಸಭೆಗೆ ನಿಂತು ಸೋತರೆಂದು ನಾನು ಹೇಳಿದೆ. ಮಕ್ಕಳು ನಂಬಲಿಲ್ಲ. ಪಠ್ಯಪುಸ್ತಕದಲ್ಲಿ ಕವಿಯ ಪರಿಚಯವೆಂದು ಅಚ್ಚಾಗುವ ನಾಲ್ಕು ಸಾಲುಗಳಲ್ಲಿ ಜನನ, ಕೃತಿಗಳು, ಪ್ರಶಸ್ತಿಗಳು ಇರುತ್ತವೆ. ಸೋಲುಗಳಿಗೆ ಅಲ್ಲಿ ಎಡೆಯಿಲ್ಲ. ಅಂದು ಅರ್ಧಕ್ಕೆ ಬಿಟ್ಟ ಉತ್ತರವನ್ನು ಇಲ್ಲಿ ಪೂರ್ತಿಮಾಡುವ ಪ್ರಯತ್ನ ನನ್ನದು. ಇದರಲ್ಲಿ ಅಡಿಗರ ಕಥೆಯ ಜೊತೆಗೆ ನನ್ನದೊಂದು ತಪ್ಪಿನ ಒಪ್ಪಿಗೆಯೂ ಸೇರಿದೆ. ವಾಚಕರು ಮನ್ನಿಸಬೇಕು.

1971ರಲ್ಲಿ ನಾನು ಹದಿನಾಲ್ಕು ವರ್ಷದ ಹುಡುಗ. ತಂದೆಯವರು ಗಿರಣಿಯ ಕೆಲಸಗಾರರು. ಹೊಸಹಳ್ಳಿಯ ಗೋಡೆಗಳಿಗೆ ಆ ವರ್ಷ ಬಂದಷ್ಟು ಬಣ್ಣ ಯಾವ ಹಬ್ಬಕ್ಕೂ ಬಂದಿರಲಿಲ್ಲ. ಒಂದು ಗೋಡೆಯಲ್ಲಿ ಹಸು, ಅದರ ಕೆಚ್ಚಲಿಗೆ ಬಾಯಿಟ್ಟ ಕರು. ಇನ್ನೊಂದು ಗೋಡೆಯಲ್ಲಿ ಉರಿಯುವ ದೀಪ. ಮಾಗಡಿ ರಸ್ತೆಯಲ್ಲಿ ಜೀಪುಗಳು ಧೂಳೆಬ್ಬಿಸಿಕೊಂಡು ಹೋಗುವಾಗ ಕರಪತ್ರಗಳನ್ನು ತೂರುತ್ತಿದ್ದರು. ನಾವು ಹುಡುಗರು ಪಕ್ಷಭೇದವಿಲ್ಲದೆ ಅವನ್ನು ಆಯ್ದುಕೊಂಡು ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದೆವು. ದೀಪದ ಚಿಹ್ನೆಯ ಕೆಳಗಿದ್ದ ಹೆಸರು ಒಬ್ಬ ಕವಿಯದೆಂದು ನನಗೆ ತಿಳಿದದ್ದು ನಮ್ಮ ಕನ್ನಡದ ಮೇಷ್ಟರಿಂದ. ಅವರು ನಗರದೊಳಗಿನ ಹಳೆಯ ಬಡಾವಣೆಯೊಂದರಲ್ಲಿ ವಾಸವಾಗಿದ್ದರು. ದಿನವೂ ಸೈಕಲ್ಲಿನಲ್ಲಿ ನಮ್ಮ ಶಾಲೆಗೆ ಬರುತ್ತಿದ್ದರು. ಅವರ ಕೈಚೀಲದಲ್ಲಿ ಯಾವಾಗಲೂ ‘ಭೂಮಿಗೀತ’ದ ಒಂದು ಪ್ರತಿ, ಅಂಚು ಸವೆದದ್ದು, ಇದ್ದೇ ಇರುತ್ತಿತ್ತು. ಪಠ್ಯವಲ್ಲದ ಆ ಪುಸ್ತಕದಿಂದ ಅವರು ನಮಗೆ ಅರ್ಥವಾಗದ ಪದ್ಯಗಳನ್ನು ಓದಿ ಹೇಳುತ್ತಿದ್ದರು. ಆದರೆ ಆ ವರ್ಷದ ಫೆಬ್ರವರಿಯಲ್ಲಿ ಅವರು ಪುಸ್ತಕವನ್ನು ಹೊರಗೆ ತೆಗೆಯಲಿಲ್ಲ. ಅದಕ್ಕೆ ಕಾರಣವೇನೆಂದು ನನಗೆ ತಿಳಿಯುವುದಕ್ಕೆ ಇಪ್ಪತ್ತೊಂದು ವರ್ಷ ಹಿಡಿಯಿತು. ಆ ಮಾತನ್ನು ಕೊನೆಗೆ ಹೇಳುತ್ತೇನೆ.

ಮೊಗೇರಿ ಗೋಪಾಲಕೃಷ್ಣ ಅಡಿಗರು ಹುಟ್ಟಿದ್ದು 1918ರ ಫೆಬ್ರವರಿ 18ರಂದು, ಕುಂದಾಪುರ ತಾಲ್ಲೂಕಿನ ಮೊಗೇರಿಯಲ್ಲಿ. ಆ ಸೀಮೆಯ ಕಡಲು, ಮಳೆ, ಯಕ್ಷಗಾನದ ರಾತ್ರಿಗಳು ಅವರ ಕಾವ್ಯದೊಳಗೆ ಕೊನೆಯವರೆಗೂ ಉಳಿದುಬಂದವು. ಕರಾವಳಿಯಿಂದ ಮೈಸೂರಿಗೆ ಬಂದು ಮಹಾರಾಜಾ ಕಾಲೇಜಿನಲ್ಲಿ ಓದಿದರು. ಆಮೇಲೆ ಹಿಡಿದದ್ದು ಅಧ್ಯಾಪಕ ವೃತ್ತಿ. ಮೈಸೂರಿನ ಶಾರದಾವಿಲಾಸ ಕಾಲೇಜು, ಸ್ವಲ್ಪ ಕಾಲ ಕುಮಟೆ, ಮತ್ತೆ ಮೈಸೂರಿಗೆ ಮರಳಿ ಸೇಂಟ್ ಫಿಲೋಮಿನಾ ಕಾಲೇಜಿನಲ್ಲಿ ಸುಮಾರು ಹತ್ತು ವರ್ಷ ಇಂಗ್ಲಿಷ್ ಪಾಠ: ಇದು 1964ರವರೆಗಿನ ಅವರ ಹೊರಬದುಕು. ನೋಡುವವರ ಕಣ್ಣಿಗೆ ಅದರಲ್ಲಿ ವಿಶೇಷವೇನೂ ಇರಲಿಲ್ಲ.

ವಿಶೇಷವಿದ್ದದ್ದು ಒಳಗೆ. 1946ರಲ್ಲಿ ಬಂದ ‘ಭಾವತರಂಗ’ದ ಕವಿ ನವೋದಯದ ದಾರಿಯಲ್ಲಿ ನಡೆದವರು. ಅದಾದ ಮೇಲೆ ಬಂದ ‘ಕಟ್ಟುವೆವು ನಾವು’ ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತ ತರುಣರ ಉತ್ಸಾಹದ ಪುಸ್ತಕ. ಹೊಸ ನಾಡನ್ನು ಕಟ್ಟುವ ಆಸೆ ಅದರ ಉಸಿರು. ಆ ಆಸೆ ಎಷ್ಟು ದೊಡ್ಡದಾಗಿತ್ತೋ ಅದರ ಭಂಗವೂ ಅಷ್ಟೇ ತೀವ್ರವಾಯಿತು. 1954ರಲ್ಲಿ ‘ಚಂಡೆಮದ್ದಳೆ’ ಬಂದಾಗ ಕನ್ನಡ ಕಾವ್ಯದ ಧ್ವನಿಯೇ ಬದಲಾಯಿತು. ಅದರಲ್ಲಿರುವ ಗೊಂದಲಪುರವೆಂಬ ಪದ್ಯವನ್ನು ಓದಿದವರಿಗೆ, ಸ್ವಾತಂತ್ರ್ಯ ಬಂದು ಏಳು ವರ್ಷಗಳಲ್ಲಿ ದೇಶ ಹೇಗೆ ಕಂಡಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಾಯಕರ ಸೋಗು, ಭಾಷಣಗಳ ಅಬ್ಬರ, ಹಿಂಡಿನೊಳಗೆ ಕರಗಿಹೋಗುವ ವ್ಯಕ್ತಿ, ಇವು ಅಡಿಗರನ್ನು ಕಾಡಿದ ಸಂಗತಿಗಳು. ದೇಶವೆಲ್ಲ ನೆಹರೂ ಅವರನ್ನು ಆರಾಧಿಸುತ್ತಿದ್ದ ಕಾಲದಲ್ಲಿ, ಆ ಆರಾಧನೆಯನ್ನೇ ಪ್ರಶ್ನಿಸುವ ಪದ್ಯ ಬರೆದ ಧೈರ್ಯ ಅವರದು.

ಆದುದರಿಂದ ಅಡಿಗರು ಒಂದು ದಿನ ಏಕಾಏಕಿ ರಾಜಕಾರಣಕ್ಕೆ ಜಿಗಿದರೆಂದು ತಿಳಿಯುವುದು ಸರಿಯಲ್ಲ. ಅವರ ಕಾವ್ಯವು ಇಪ್ಪತ್ತು ವರ್ಷಗಳಿಂದ ರಾಜಕಾರಣದ ಜೊತೆ ಜಗಳವಾಡುತ್ತಲೇ ಇತ್ತು. 1962ರಲ್ಲಿ ಅವರು ಆರಂಭಿಸಿದ ‘ಸಾಕ್ಷಿ’ ಪತ್ರಿಕೆ ಹೊಸ ಬರೆಹಗಾರರ ಒಂದು ಪೀಳಿಗೆಗೇ ನೆಲೆಯಾಯಿತು. ವಾಲ್ಟ್ ವ್ಹಿಟ್‌ಮನ್‌ನ ಪದ್ಯಗಳನ್ನು ‘ಹುಲ್ಲಿನ ದಳಗಳು’ ಎಂದು ಕನ್ನಡಕ್ಕೆ ತಂದವರೂ, ರಾಮಮನೋಹರ ಲೋಹಿಯಾ ಅವರ ಗ್ರಂಥವನ್ನು ‘ಇತಿಹಾಸ ಚಕ್ರ’ವೆಂದು ಅನುವಾದಿಸಿದವರೂ ಅವರೇ. ಒಬ್ಬ ಪ್ರಜಾಪ್ರಭುತ್ವದ ಕವಿ, ಇನ್ನೊಬ್ಬ ಅದರ ಕಟು ವಿಮರ್ಶಕ. ಇಬ್ಬರೂ ಅಡಿಗರಿಗೆ ಬೇಕಾಗಿದ್ದರು.

1964ರಲ್ಲಿ ಅವರು ಸಾಗರದ ಲಾಲ್ ಬಹಾದುರ್ ಕಾಲೇಜಿಗೆ ಪ್ರಾಂಶುಪಾಲರಾಗಿ ಹೋದರು. ಮಲೆನಾಡಿನ ಆ ಭಾಗ ಸಮಾಜವಾದಿಗಳ ನೆಲ. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಅಲ್ಲಿ. ಅದರ ಮುಂಚೂಣಿಯಲ್ಲಿದ್ದ ಶಾಂತವೇರಿ ಗೋಪಾಲಗೌಡರು 1952ರಲ್ಲಿ, ಇನ್ನೂ ಮೂವತ್ತು ತುಂಬದವರು, ಜನರಿಂದ ಮತದ ಜೊತೆಗೆ ಪುಡಿಗಾಸಿನ ದೇಣಿಗೆಯನ್ನೂ ಬೇಡಿ ವಿಧಾನಸಭೆಗೆ ಗೆದ್ದುಬಂದದ್ದೂ ಆ ಸೀಮೆಯಿಂದಲೇ. ಗೋಪಾಲಗೌಡರು ಅಡಿಗರ ಕಾವ್ಯದ ಆಪ್ತ ಓದುಗರು. ಕೈಯಲ್ಲಿ ಕಾಸಿಲ್ಲದವನು ಕೇವಲ ಮಾತಿನ ಬಲದಿಂದ ಜನರ ಮುಂದೆ ನಿಲ್ಲಬಲ್ಲನೆಂಬುದಕ್ಕೆ ಅಡಿಗರ ಕಣ್ಣೆದುರಿಗಿದ್ದ ಜೀವಂತ ಉದಾಹರಣೆ ಅವರು. 1968ರಲ್ಲಿ ಅಡಿಗರು ಉಡುಪಿಯ ಪೂರ್ಣಪ್ರಜ್ಞ ಕಾಲೇಜಿಗೆ ಪ್ರಾಂಶುಪಾಲರಾಗಿ ಬಂದರು. ಹುಟ್ಟಿದ ನೆಲದ ಹತ್ತಿರ, ಗೌರವದ ಹುದ್ದೆ, ಐವತ್ತು ದಾಟಿದ ವಯಸ್ಸು. ಅಲ್ಲಿಂದಲೇ ಅವರು ನಿವೃತ್ತರಾಗಿ ವಿಶ್ರಾಂತಿ ಪಡೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಆದರೆ 1970ರ ಡಿಸೆಂಬರ್ 27ರಂದು ಲೋಕಸಭೆ ವಿಸರ್ಜನೆಯಾಯಿತು. ಅವಧಿ ಮುಗಿಯುವುದಕ್ಕೆ ಇನ್ನೂ ಒಂದು ವರ್ಷವಿರುವಾಗಲೇ ಇಂದಿರಾ ಗಾಂಧಿಯವರು ದೇಶವನ್ನು ಚುನಾವಣೆಗೆ ಕರೆದೊಯ್ದರು. 1969ರ ನವೆಂಬರಿನಲ್ಲಿ ಕಾಂಗ್ರೆಸ್ಸು ಇಬ್ಭಾಗವಾಗಿತ್ತು. ಅವರನ್ನು ಪಕ್ಷದಿಂದ ಹೊರಹಾಕಿದ ಕಾಂಗ್ರೆಸ್ಸಿನ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು. ಮೈಸೂರು ರಾಜ್ಯದಲ್ಲಿ ಆಳುತ್ತಿದ್ದ ವೀರೇಂದ್ರ ಪಾಟೀಲರ ಸರ್ಕಾರವೂ ಸಂಸ್ಥಾ ಕಾಂಗ್ರೆಸ್ಸಿನದೇ. ಇಂದಿರಾ ಅವರನ್ನು ಎದುರಿಸಲು ಸಂಸ್ಥಾ ಕಾಂಗ್ರೆಸ್ಸು, ಜನಸಂಘ, ಸ್ವತಂತ್ರ ಪಕ್ಷ, ಸಂಯುಕ್ತ ಸಮಾಜವಾದಿ ಪಕ್ಷಗಳು ಒಂದು ಮಹಾಮೈತ್ರಿಯನ್ನು ಕಟ್ಟಿಕೊಂಡವು. ಬಲದವರೂ ಎಡದವರೂ ಒಂದೇ ಚಪ್ಪರದ ಕೆಳಗೆ ನಿಂತ ವಿಚಿತ್ರ ಸನ್ನಿವೇಶವದು. ಇಂತಹ ಹೊತ್ತಿನಲ್ಲಿ ಅಡಿಗರು ಪ್ರಾಂಶುಪಾಲ ಪದವಿಯನ್ನು ಬಿಟ್ಟು, ಜನಸಂಘದ ಅಭ್ಯರ್ಥಿಯಾಗಿ ಬೆಂಗಳೂರಿನಲ್ಲಿ ನಿಂತರು.

ಎದುರಾಳಿ ಸಾಮಾನ್ಯರಲ್ಲ. ಕೆಂಗಲ್ ಹನುಮಂತಯ್ಯನವರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು. 1956ರಲ್ಲಿ ಪೂರ್ಣಗೊಂಡ ವಿಧಾನಸೌಧವೆಂಬ ಕಲ್ಲಿನ ಕಾವ್ಯವನ್ನು ಕಟ್ಟಿಸಿದವರು. ಕನ್ನಡಿಗರೆಲ್ಲ ಒಂದೇ ರಾಜ್ಯವಾಗಬೇಕೆಂದು, ತಮ್ಮ ಭಾಗದವರ ವಿರೋಧವನ್ನು ಕಟ್ಟಿಕೊಂಡೂ, ಹಟ ಹಿಡಿದವರು. ಕುಮಾರವ್ಯಾಸ ಭಾರತವು ಬಡವನ ಕೈಗೂ ಎಟಕುವ ಬೆಲೆಯಲ್ಲಿ ಅಚ್ಚಾಗಬೇಕೆಂದು ಶ್ರಮಿಸಿದ ಸಾಹಿತ್ಯಪ್ರೇಮಿ ಕೂಡ. 1962ರಲ್ಲಿಯೂ 1967ರಲ್ಲಿಯೂ ಬೆಂಗಳೂರು ಅವರನ್ನು ಲೋಕಸಭೆಗೆ ಕಳಿಸಿತ್ತು. ಕೇಂದ್ರದಲ್ಲಿ ಅವರು ಸಚಿವರು. ನಗರದಲ್ಲಿ ಯಾವ ದಿಕ್ಕಿಗೆ ತಿರುಗಿದರೂ ಅವರ ಕೆಲಸದ ಗುರುತು ಕಾಣುತ್ತಿತ್ತು. ಅಡಿಗರು ಕಟ್ಟಿದ್ದೆಲ್ಲ ಕಾಗದದ ಮೇಲಿತ್ತು. ಅವರು ಬೆಂಗಳೂರಿನಲ್ಲಿ ಬೇರೂರಿದವರೂ ಅಲ್ಲ, ಉಡುಪಿಯಿಂದ ಬಂದವರು.

ಅಭ್ಯರ್ಥಿಯಾಗುವುದೆಂದರೇನೆಂದು ಈಗ ಒಂದು ನಿಮಿಷ ಯೋಚಿಸೋಣ. ಆಗ ಲೋಕಸಭೆಗೆ ನಿಲ್ಲುವವನು 500 ರೂಪಾಯಿ ಠೇವಣಿ ಕಟ್ಟಬೇಕಿತ್ತು. ಹಣ ಕಟ್ಟುವುದು ಸುಲಭದ ಭಾಗ. ಅಲ್ಲಿಂದ ಮುಂದೆ ಅವನ ಹೆಸರು ಅವನದಲ್ಲ, ಚಿಹ್ನೆಯೊಂದರ ಅಡಿಬರೆಹ. ಅಕ್ಷರ ಬಾರದ ಮತದಾರನಿಗೆ ಅಭ್ಯರ್ಥಿಯೆಂದರೆ ಒಂದು ಚಿತ್ರ, ಹಸು-ಕರು ಅಥವಾ ದೀಪ. ಮತಪತ್ರದಲ್ಲಿ ಆ ಚಿತ್ರದ ಮೇಲೆ ಮುದ್ರೆ ಒತ್ತಿ, ಮಡಚಿ, ಪೆಟ್ಟಿಗೆಗೆ ಹಾಕಿದರೆ ಮತದಾನ ಮುಗಿಯಿತು. ಅಭ್ಯರ್ಥಿಯ ದಿನ ಬೆಳಕು ಹರಿಯುವ ಮುನ್ನವೇ ಆರಂಭ. ಬೀದಿಬೀದಿಗೆ ಹೋಗಬೇಕು. ಗುರುತಿಲ್ಲದವರಿಗೆ ಕೈಮುಗಿಯಬೇಕು. ಕೊರಳಿಗೆ ಬಿದ್ದ ಹಾರವನ್ನು ತೆಗೆದು ಪಕ್ಕದವರ ಕೈಗೆ ಕೊಟ್ಟು ಮುಂದಿನ ಹಾರಕ್ಕೆ ಕೊರಳೊಡ್ಡಬೇಕು. ಒಂದೇ ಮಾತನ್ನು ದಿನಕ್ಕೆ ಹತ್ತು ಸಲ, ಪ್ರತಿಸಲವೂ ಮೊದಲ ಸಲವೆಂಬಂತೆ, ಆಡಬೇಕು. ಒಂದು ಮಾತನ್ನು ಎರಡನೆಯ ಸಲ ಆಡಬೇಕಾಗಿ ಬಂದರೆ ಅದನ್ನು ಹೊಡೆದುಹಾಕಿ ಹೊಸದನ್ನು ಹುಡುಕುವುದು ಕವಿಯ ಅಭ್ಯಾಸ. ಪ್ರಚಾರದ ಅಭ್ಯಾಸ ಇದಕ್ಕೆ ತೀರ ವಿರುದ್ಧ. ಆ ವರ್ಷ ಇಂದಿರಾ ಗಾಂಧಿಯವರ ಕೈಯಲ್ಲಿ ಬಡತನವನ್ನು ತೊಲಗಿಸುವೆನೆಂಬ ಎರಡೇ ಪದಗಳ ಘೋಷಣೆಯಿತ್ತು. ದೇಶದ ಮೂಲೆಮೂಲೆಗೂ ಅದು ಮುಟ್ಟಿತು. ನಮ್ಮ ತಂದೆಯವರಿಗೂ ಮುಟ್ಟಿತು. ಗಿರಣಿಯಿಂದ ದಣಿದು ಬಂದ ಮನುಷ್ಯನಿಗೆ ಆ ಎರಡು ಪದಗಳಲ್ಲಿ ಇದ್ದ ಆಸರೆ, ಎಷ್ಟೇ ಉತ್ತಮವಾದರೂ, ಅರ್ಥೈಸಲು ಮೇಷ್ಟರ ಸಹಾಯ ಬೇಕಾದ ಪದ್ಯದಲ್ಲಿ ಇರಲು ಸಾಧ್ಯವೇ? ಈ ಮಾತನ್ನು ತಂದೆಯವರನ್ನು ಹಳಿಯಲು ಹೇಳುತ್ತಿಲ್ಲ. ಅಡಿಗರನ್ನು ಹಳಿಯಲೂ ಅಲ್ಲ. ಎರಡು ಬಗೆಯ ಮಾತುಗಳು ಒಂದೇ ಬೀದಿಯಲ್ಲಿ ಎದುರಾದಾಗ ಯಾವುದು ಗೆಲ್ಲುವುದೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಅಡಿಗರಿಗೂ ಗೊತ್ತಿರಲಿಲ್ಲವೆಂದು ನಾನು ನಂಬಲಾರೆ.

ಕುಂದಾಪುರದ ಕಡೆಯವರಿಗೆ ತಾಳಮದ್ದಳೆ ಚೆನ್ನಾಗಿ ಗೊತ್ತು. ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕುಳಿತಲ್ಲೇ ಕುಳಿತು ಬರಿಯ ಮಾತಿನಿಂದ ಕರ್ಣನೋ ಕೃಷ್ಣನೋ ಆಗಬೇಕು. ಚುನಾವಣೆಯೆಂಬುದು ಪೂರ್ಣ ವೇಷದ ಬಯಲಾಟ. ಕಿರೀಟವಿದ್ದವನೇ ರಾಜ. ಅಡಿಗರು ಬಯಲಾಟದ ರಂಗಕ್ಕೆ ತಾಳಮದ್ದಳೆಯ ಅರ್ಥಧಾರಿಯಂತೆ ಬಂದರೆಂದು ನನಗೆ ಈಗ ತೋರುತ್ತದೆ.

ಎದುರಾಳಿಯ ಬಲಕ್ಕಿಂತ ಹೆಚ್ಚಾಗಿ ಅವರಿಗೆ ತಟ್ಟಿದ್ದಿರಬಹುದಾದ ಪೆಟ್ಟು ಬಂದದ್ದು ಇನ್ನೊಂದು ಕಡೆಯಿಂದ. ಅವರ ಸುತ್ತ ಬೆಳೆದ ಕಿರಿಯ ಲೇಖಕರಲ್ಲಿ ಹಲವರು ಸಮಾಜವಾದದ ಒಲವಿನವರು. ಮೈಸೂರಿನ ಕಾಫಿಹೌಸಿನ ಮೇಜುಗಳ ಸುತ್ತ ಅಡಿಗರ ಮಾತು ಕೇಳಿ ಕಾವ್ಯವೆಂದರೇನೆಂದು ಕಲಿತವರು. ಯು. ಆರ್. ಅನಂತಮೂರ್ತಿಯವರು ಅವರಲ್ಲಿ ಪ್ರಮುಖರು. ಕಾವ್ಯದಲ್ಲಿ ತಾವು ಗುರುವೆಂದು ಒಪ್ಪಿದವರು ಜನಸಂಘದ ದೀಪವನ್ನು ಹಿಡಿದು ನಿಂತಾಗ ಅವರಿಗೆಲ್ಲ ಕಸಿವಿಸಿಯಾಯಿತು. ಧರ್ಮದ ಹೆಸರನ್ನು ರಾಜಕಾರಣಕ್ಕೆ ತರುವ ಪಕ್ಷವೆಂದು ಅವರು ಜನಸಂಘವನ್ನು ಕಾಣುತ್ತಿದ್ದರು. ಆ ಶಂಕೆಯಲ್ಲಿ ನನಗೂ ಪಾಲಿದೆ. ಅದನ್ನು ನಾನು ಇಂದಿಗೂ ಬಿಟ್ಟಿಲ್ಲ. ಅಡಿಗರ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಒಬ್ಬ ವ್ಯಕ್ತಿಯ ಕೈಯಲ್ಲಿ ದೇಶದ ಅಧಿಕಾರವೆಲ್ಲ ಸೇರುವುದು ಅವರಿಗೆ ಎಲ್ಲಕ್ಕಿಂತ ದೊಡ್ಡ ಅಪಾಯವಾಗಿ ಕಂಡಿತು. ಅದನ್ನು ತಡೆಯಲು ಸಂಯುಕ್ತ ಸಮಾಜವಾದಿಗಳೇ ಜನಸಂಘದ ಜೊತೆ ಒಂದೇ ಮೈತ್ರಿಯಲ್ಲಿ ನಿಂತಿದ್ದ ವರ್ಷವದು. ಕಾಂಗ್ರೆಸ್ಸನ್ನು ಸೋಲಿಸಲು ವಿರೋಧ ಪಕ್ಷಗಳೆಲ್ಲ ಕೂಡಬೇಕೆಂಬ ವಾದವನ್ನು ಮೊದಲು ಬೆಳೆಸಿದವರು 1967ರಲ್ಲಿ ತೀರಿಕೊಂಡ ಲೋಹಿಯಾ ಅವರೇ. ಯಾರು ಸರಿ, ಯಾರು ತಪ್ಪು ಎಂಬುದನ್ನು ಇತಿಹಾಸದ ಅಧ್ಯಾಪಕರು ತೀರ್ಮಾನಿಸಲಿ. ಗುರುಶಿಷ್ಯರ ನಡುವೆ ಆ ವರ್ಷ ಒಂದು ಗೆರೆ ಎದ್ದಿತು, ಅದನ್ನು ದಾಟಲು ಇಬ್ಬರಿಗೂ ಕಷ್ಟವಾಯಿತು ಎಂಬಷ್ಟನ್ನು ನಾನು ಹೇಳಬಲ್ಲೆ. ಕಾವ್ಯದ ಮೇಲಿನ ಪ್ರೀತಿ ಮಾತ್ರ ಆ ಗೆರೆಯಿಂದ ಅಳಿಯಲಿಲ್ಲ. ಅಡಿಗರ ಬಗ್ಗೆ ಅನಂತಮೂರ್ತಿಯವರು ಕೊನೆಯವರೆಗೂ ಗೌರವದಿಂದ ಬರೆದರು, ಮಾತನಾಡಿದರು.

1971ರ ಮಾರ್ಚ್ ಮೊದಲ ಹತ್ತು ದಿನಗಳಲ್ಲಿ ದೇಶದಲ್ಲಿ ಮತದಾನ ನಡೆಯಿತು. ಫಲಿತಾಂಶ ಬಂದಾಗ ಇಂದಿರಾ ಅವರ ಪಕ್ಷಕ್ಕೆ 518ರಲ್ಲಿ 352 ಸ್ಥಾನಗಳು. ಜನಸಂಘಕ್ಕೆ ಇಡೀ ದೇಶದಲ್ಲಿ 22. ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಹಸು-ಕರು ಮೇಯ್ದುಬಿಟ್ಟಿತ್ತು. ರಾಜ್ಯದಲ್ಲಿ ಬಿದ್ದ ಮತಗಳಲ್ಲಿ ನೂರಕ್ಕೆ ಸುಮಾರು 70 ಆ ಚಿಹ್ನೆಯ ಪಾಲಾಗಿದ್ದವು. ಅದೇ ತಿಂಗಳಲ್ಲಿ ವೀರೇಂದ್ರ ಪಾಟೀಲರ ಸರ್ಕಾರವೂ ಉರುಳಿತು. ಇಂತಹ ಪ್ರವಾಹದಲ್ಲಿ ಅನುಭವಸ್ಥ ರಾಜಕಾರಣಿಗಳೇ ತೇಲಿಹೋಗಿರುವಾಗ ಒಬ್ಬ ಕವಿಯ ಸೋಲನ್ನು ಪ್ರತ್ಯೇಕವಾಗಿ ಗಮನಿಸಿದವರು ಕಡಮೆ. ಹನುಮಂತಯ್ಯನವರು ಗೆದ್ದು ರೈಲ್ವೆ ಸಚಿವರಾದರು. ಹೊಸಹಳ್ಳಿಯ ಗೋಡೆಗಳ ಮೇಲಿನ ದೀಪ ಮುಂಗಾರಿನ ಮೊದಲ ಮಳೆಗೇ ಮಸುಕಾಯಿತು. ಸ್ವಲ್ಪ ದಿನ ತಡೆದು ಹಸುವೂ ಅಳಿಸಿತು.

ಸೋತ ರಾಜಕಾರಣಿಗೆ ಮುಂದಿನ ಚುನಾವಣೆಯಿದೆ. ಸೋತ ಪ್ರಾಂಶುಪಾಲನಿಗೆ ಬಿಟ್ಟುಬಂದ ಕುರ್ಚಿ ಮರಳಿ ಸಿಗುವುದಿಲ್ಲ. ಐವತ್ತಮೂರನೆಯ ವಯಸ್ಸಿನಲ್ಲಿ ಅಡಿಗರು ಕೆಲಸವಿಲ್ಲದ ಸಂಸಾರಿಯಾದರು. ಕೆಲಕಾಲದಲ್ಲಿ ದೆಹಲಿಗೆ ಹೋಗಿ ನ್ಯಾಷನಲ್ ಬುಕ್ ಟ್ರಸ್ಟಿನಲ್ಲಿ ದುಡಿದರು. ಅನಂತರ ಸಿಮ್ಲಾದ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಇದ್ದರು. ಕನ್ನಡದ ಮಳೆಗೆ ಒಗ್ಗಿದ ಮನಸ್ಸು ಹಿಮದ ಊರಿನಲ್ಲಿ ದಿನಗಳನ್ನು ಕಳೆಯಿತು. ಆದರೆ ಸೋಲಿನ ಮರುವರ್ಷವೇ, 1972ರಲ್ಲಿ, ‘ವರ್ಧಮಾನ’ ಸಂಕಲನ ಹೊರಬಂತು. ವರ್ಧಮಾನವೆಂದರೆ ಬೆಳೆಯುತ್ತಿರುವುದು. ಎಲ್ಲರೂ ಮುಗಿಯಿತೆಂದುಕೊಂಡವರು ತಮ್ಮ ಪುಸ್ತಕಕ್ಕೆ ಇಟ್ಟ ಹೆಸರಿದು. 1974ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ನನ್ನ ತಪ್ಪಿನ ಕಥೆ ಶುರುವಾಗುವುದು ಇಲ್ಲಿಯೇ. ಪ್ರಶಸ್ತಿಯ ಸುದ್ದಿ ಬಂದಾಗ ನಾನು ಕಾಲೇಜು ವಿದ್ಯಾರ್ಥಿ. ಗೆಳೆಯರ ಚರ್ಚಾಕೂಟವೊಂದರಲ್ಲಿ ಎದ್ದುನಿಂತು, ಇಂತಹ ಪಕ್ಷದಿಂದ ನಿಂತವನ ಕಾವ್ಯವನ್ನು ನಾವು ಓದಬಾರದೆಂದು ಹತ್ತು ನಿಮಿಷ ಮಾತನಾಡಿದೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ‘ವರ್ಧಮಾನ’ದ ಒಂದು ಪುಟವನ್ನೂ ನಾನು ಆಗ ತೆರೆದಿರಲಿಲ್ಲವೆಂಬುದು ಚಪ್ಪಾಳೆ ಹೊಡೆದವರಿಗೆ ತಿಳಿದಿರಲಿಲ್ಲ. ಅವರೂ ತೆರೆದಿರಲಿಲ್ಲ. ಆಮೇಲಿನ ಜೂನ್ ತಿಂಗಳಲ್ಲಿ, 1975ರಲ್ಲಿ, ತುರ್ತುಪರಿಸ್ಥಿತಿ ಬಂತು. ಪತ್ರಿಕೆಗಳ ಬಾಯಿ ಕಟ್ಟಿತು. ಚರ್ಚಾಕೂಟದಲ್ಲಿ ಗಟ್ಟಿಯಾಗಿ ಮಾತನಾಡುತ್ತಿದ್ದ ನಾವು ತಗ್ಗಿದ ದನಿಯಲ್ಲಿ ಮಾತನಾಡಲು ಕಲಿತೆವು. ಬಳಿಕ ಕೂಟವನ್ನೇ ನಿಲ್ಲಿಸಿದೆವು. ನಾನು ಓದಬಾರದೆಂದು ಸಾರಿದ ಕವಿ ಆ ದಿನಗಳನ್ನು ವಿರೋಧಿಸಿ ಪದ್ಯ ಬರೆಯುತ್ತಿದ್ದರು. 1971ರಲ್ಲಿ ಯಾವ ಅಪಾಯವನ್ನು ಕಂಡು ಅವರು ಬೀದಿಗಿಳಿದಿದ್ದರೋ, ಅದು ನಾಲ್ಕೇ ವರ್ಷದಲ್ಲಿ ನನ್ನ ಬಾಗಿಲಿಗೂ ಬಂದಿತ್ತು. ಆ ಪದ್ಯಗಳನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ. ಓದುತ್ತ ನಾಚಿಕೆಯಾಯಿತು. ಅವರ ಪಕ್ಷವನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪಿಲ್ಲ. ಆದರೆ ಒಬ್ಬನ ಮತವನ್ನು ಒಪ್ಪದಿರುವುದು ಬೇರೆ, ಅವನ ಮಾತನ್ನು ಓದದೆ ತಳ್ಳುವುದು ಬೇರೆ ಎಂಬ ಸಣ್ಣ ಪಾಠವನ್ನು ಕಲಿಯಲು ನನಗೆ ಇಷ್ಟು ಕಾಲ ಬೇಕಾಯಿತು.

1977ರ ಚುನಾವಣೆ ತನ್ನದೇ ಆದ ನ್ಯಾಯವನ್ನು ಹೇಳಿತು. ಬೆಂಗಳೂರು ದಕ್ಷಿಣದಲ್ಲಿ ಹನುಮಂತಯ್ಯನವರು ಜನತಾ ಪಕ್ಷದ ಕೆ. ಎಸ್. ಹೆಗ್ಡೆಯವರಿಗೆ ಸೋತರು. ವಿಧಾನಸೌಧವನ್ನು ಕಟ್ಟಿದವರನ್ನೂ ಜನ ಮನೆಗೆ ಕಳಿಸಬಲ್ಲರು. ಗೆಲುವೆಂಬುದು ಐದೋ ಆರೋ ವರ್ಷದ ಗೇಣಿ ಮಾತ್ರ. ಅಡಿಗರು ಮತ್ತೆ ಆ ಗೇಣಿಗೆ ಅರ್ಜಿ ಹಾಕಲಿಲ್ಲ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರನ್ನು ಕರೆಯಿತು. ಅದಕ್ಕೆ ಅವರು ಯಾರ ಮನೆಯ ಬಾಗಿಲನ್ನೂ ತಟ್ಟಬೇಕಾಗಲಿಲ್ಲ. ಮುಂದೆ ಮಧ್ಯಪ್ರದೇಶದ ಕಬೀರ ಸಮ್ಮಾನವೂ ಬಂತು. ಕೊನೆಯ ವರ್ಷಗಳನ್ನು, ತಮ್ಮನ್ನು ಒಮ್ಮೆ ಸೋಲಿಸಿದ ಬೆಂಗಳೂರಿನಲ್ಲಿಯೇ ಕಳೆದರು. 1992ರ ನವೆಂಬರ್ 14ರಂದು ಇಲ್ಲಿಯೇ ತೀರಿಕೊಂಡರು.

ಕನ್ನಡದ ಸಾಹಿತಿಗಳಲ್ಲಿ ಲೋಕಸಭೆಗೆ ನಿಂತವರು ಅವರೊಬ್ಬರೇ ಅಲ್ಲ. ಚುಟುಕಗಳ ದಿನಕರ ದೇಸಾಯಿಯವರು 1967ರಲ್ಲಿ ಉತ್ತರ ಕನ್ನಡದಿಂದ ಪಕ್ಷೇತರರಾಗಿ ನಿಂತು ಗೆದ್ದರು. ಅವರ ಹಿಂದೆ ರೈತಹೋರಾಟದ ಗಡಿಪಾರು, ಹಳ್ಳಿಹಳ್ಳಿಗೆ ಶಾಲೆ ತೆರೆದ ದುಡಿಮೆ ಇತ್ತು; ಅಲ್ಲಿಯ ಜನ ಅವರ ಪದ್ಯವನ್ನು ಅರಿಯುವ ಮೊದಲೇ ಅವರನ್ನು ಅರಿತಿದ್ದರು. ಅದೇ ಜಿಲ್ಲೆಯಲ್ಲಿ 1989ರಲ್ಲಿ, ಎಂಬತ್ತೇಳರ ಇಳಿವಯಸ್ಸಿನಲ್ಲಿ, ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ ನಿಂತರು, ಸೋತರು. ದೇಸಾಯಿಯವರು ಗೆದ್ದರೆಂದು ಅವರ ಚುಟುಕಗಳ ಬೆಲೆ ಏರಲಿಲ್ಲ. ಕಾರಂತರು ಸೋತರೆಂದು ಅವರ ಕಾದಂಬರಿಗಳ ಬೆಲೆ ಇಳಿಯಲಿಲ್ಲ. ಆದರೆ ಮೂವರೂ ತಮ್ಮ ಮಾತನ್ನು ಜನರ ತಕ್ಕಡಿಯಲ್ಲಿ ತೂಗಲು ಸಿದ್ಧರಾದರು. ಆ ತಕ್ಕಡಿ ಕಾವ್ಯವನ್ನು ತೂಗುವಂಥದಲ್ಲವೆಂದು ಬಲ್ಲವರಾಗಿದ್ದೂ ಸಿದ್ಧರಾದರು.

ಈಗ ನಮ್ಮ ಮೇಷ್ಟರ ವಿಷಯ. ಅಡಿಗರು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಾನು ಅವರ ಮನೆಗೆ ಹೋದೆ. ಆ ಹೊತ್ತಿಗೆ ನಾನೂ ಮೇಷ್ಟರಾಗಿದ್ದೆ. ಅವರು ನಿವೃತ್ತರಾಗಿ ಹಲವು ವರ್ಷಗಳಾಗಿದ್ದವು. ಕಿಟಕಿಯ ಪಕ್ಕ ಅದೇ ‘ಭೂಮಿಗೀತ’, ಈಗ ದಾರದಿಂದ ಕಟ್ಟಿದ್ದು. ಬಹಳ ಹೊತ್ತು ಸುಮ್ಮನಿದ್ದು ಅವರು 1971ರ ಮತದಾನದ ದಿನದ ಸಂಗತಿಯನ್ನು ತಾವಾಗಿಯೇ ಹೇಳಿದರು. ಮತಗಟ್ಟೆಯ ಮರೆಯಲ್ಲಿ ಮತಪತ್ರವನ್ನು ಬಿಡಿಸಿಟ್ಟುಕೊಂಡು ಅವರು ಎಷ್ಟೋ ಹೊತ್ತು ನಿಂತರಂತೆ. ದೀಪದ ಪಕ್ಷಕ್ಕೆ ಮುದ್ರೆ ಒತ್ತಲು ಮನಸ್ಸು ಒಪ್ಪಲಿಲ್ಲ. ತಾವು ಓದಿ ಬಾಳಿದ ಕವಿಯ ಹೆಸರಿನ ವಿರುದ್ಧ ಒತ್ತಲು ಕೈ ಬರಲಿಲ್ಲ. ಹೊರಗೆ ಸಾಲಿನಲ್ಲಿದ್ದವರು ಗೊಣಗತೊಡಗಿದಾಗ ಅವಸರದಲ್ಲಿ ಎರಡು ಚಿಹ್ನೆಗಳ ಮೇಲೂ ಒತ್ತಿ, ಮಡಚಿ, ಪೆಟ್ಟಿಗೆಗೆ ಹಾಕಿ ಬಂದುಬಿಟ್ಟರು. ಎಣಿಕೆಯಲ್ಲಿ ಅದು ಕುಲಗೆಟ್ಟ ಮತವಾಗಿ ಹೋಯಿತು.

ಇದನ್ನು ಹೇಳುವಾಗ ಮೇಷ್ಟರ ದನಿಯಲ್ಲಿ ಹೆಮ್ಮೆಯಿರಲಿಲ್ಲ. ಆ ಮನುಷ್ಯ ತನ್ನ ಹೆಸರನ್ನು ಆ ಕಾಗದದ ಮೇಲೆ ಬರೆಯಿಸಿಕೊಳ್ಳಲು ಕೆಲಸ, ಗೆಳೆಯರು, ನೆಮ್ಮದಿ ಎಲ್ಲವನ್ನೂ ಪಣಕ್ಕಿಟ್ಟ. ತಮಗೆ ಒಂದು ಮುದ್ರೆಯನ್ನು ಒಂದೇ ಕಡೆ ಒತ್ತುವ ಧೈರ್ಯ ಬರಲಿಲ್ಲ ಎಂಬುದು ಅವರ ಕೊರಗು. ವಿರುದ್ಧವಾಗಿ ಒತ್ತಿದ್ದರೂ ಅದು ಅಡಿಗರಿಗೆ ಸಲ್ಲುವ ಗೌರವವಾಗುತ್ತಿತ್ತೆಂದು ಅವರು ಹೇಳಿದರು. ಸ್ಪಷ್ಟವಾಗಿ ಬಾಳು, ನಿನ್ನ ಮಾತಿಗೆ ನೀನು ಹೊಣೆಯಾಗು ಎಂಬುದೇ ಆ ಕವಿಯ ಕಾವ್ಯ ತಮಗೆ ಕಲಿಸಬೇಕಿದ್ದ ಪಾಠ, ತಾವು ಅದನ್ನು ಬಾಯಲ್ಲಿ ಮಾತ್ರ ಕಲಿತೆವು ಎಂಬ ಅರ್ಥದಲ್ಲಿ ಮಾತು ಮುಗಿಸಿದರು. ನಾನು ನನ್ನ ಚರ್ಚಾಕೂಟದ ಭಾಷಣವನ್ನು ನೆನೆದು ತಲೆತಗ್ಗಿಸಿದೆ. ಅವರದು ಕುಲಗೆಟ್ಟ ಮತವಾದರೆ ನನ್ನದು ಕುಲಗೆಟ್ಟ ಓದು.

ಅಡಿಗರ ಪಕ್ಷ ಸರಿಯೇ ಎಂಬ ಪ್ರಶ್ನೆಗೆ ವಾಚಕರು ತಂತಮ್ಮ ಉತ್ತರ ಹೇಳಿಕೊಳ್ಳಲಿ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಇಷ್ಟು: ಇಪ್ಪತ್ತು ವರ್ಷ ಪದ್ಯದಲ್ಲಿ ನಾಯಕರನ್ನು ಟೀಕಿಸಿದ ಒಬ್ಬ ಮನುಷ್ಯ, ಟೀಕೆ ಮಾಡುವುದು ಸುಲಭವೆಂದು ಯಾರಾದರೂ ಹೇಳುವ ಮೊದಲೇ, ತಾನೇ ಕೈಮುಗಿದು ಬೀದಿಯಲ್ಲಿ ನಿಂತ. ಜನ ಬೇಡವೆಂದರು. ಬೇಡವೆಂದ ಜನರನ್ನು ಬಿಟ್ಟು ಅವನು ಬೇರೆ ಜನರಿಗಾಗಿ ಬರೆಯಲಿಲ್ಲ. ಅದೇ ಜನರ ಭಾಷೆಯಲ್ಲಿ, ಅದೇ ಜನರ ಸ್ವಾತಂತ್ರ್ಯಕ್ಕಾಗಿ ಮತ್ತೆ ಬರೆದ. ಅವರು ತೀರಿಕೊಂಡ ಕೆಲವು ವರ್ಷಗಳ ಮೇಲೆ ಮೋಹನ ಮುರಲಿಯನ್ನು ಕುರಿತ ಅವರ ಗೀತೆಯೊಂದು ‘ಅಮೆರಿಕಾ ಅಮೆರಿಕಾ’ ಎಂಬ ಚಲನಚಿತ್ರದಲ್ಲಿ ಬಂದು ನಾಡಿನ ಬಾಯಲ್ಲೆಲ್ಲ ಹರಿದಾಡಿತು. ನಮ್ಮ ತಂದೆಯವರೂ ಇಳಿವಯಸ್ಸಿನಲ್ಲಿ ಅದನ್ನು ಗುನುಗುತ್ತಿದ್ದರು. ಅದನ್ನು ಬರೆದವರು ಯಾರೆಂದು ಒಂದು ದಿನ ನಾನು ತಿಳಿಸಿದೆ. ದೀಪದ ಗುರುತಿನವರೇ ಎಂದು ಅವರು ವಿಸ್ಮಯಪಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಗುನುಗತೊಡಗಿದರು.

ಆ ಸಂಜೆ ಪ್ರಶ್ನೆ ಕೇಳಿದ ಹುಡುಗಿ ಮುಂದಿನ ವರ್ಷ ಮತದಾರಳಾಗುವವಳು. ಕವಿಯಾದವನು ಚುನಾವಣೆಗೆ ನಿಲ್ಲಬಹುದೇ ಎಂಬ ಅವಳ ಪ್ರಶ್ನೆಗೆ, ನಿಲ್ಲಬಹುದು, ಆದರೆ ಸೋತ ಮೇಲೂ ಕವಿಯಾಗಿ ಉಳಿಯುವ ಶಕ್ತಿಯಿದ್ದರೆ ಮಾತ್ರ ಎಂದು ಉತ್ತರ ಕೊಟ್ಟೆ. ಅದನ್ನು ಬರೆದುಕೊಂಡು ಅವಳು ಪುಸ್ತಕ ಮುಚ್ಚಲಿಲ್ಲ. ಪದ್ಯಕ್ಕೆ ಮರಳೋಣವೇ ಎಂದು ಕೇಳಿದಳು. ಹೊರಗೆ ಇನ್ನೊಂದು ಪ್ರಚಾರದ ವಾಹನ ಬರುತ್ತಿತ್ತು. ಅದು ಹಾದುಹೋಗುವವರೆಗೆ ಕಾದು, ನಿಂತ ಸಾಲಿನಿಂದಲೇ ಓದತೊಡಗಿದೆವು.